ಅಲೆಗೆ ಬೆನ್ನು ಕೊಟ್ಟು

ವಾರಂಬಾ ಹೆಡ್
11 ಫೆಬ್ರವರಿ 2018

ಛತ್ರಿ ಡಾಕ್ಟರಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ನೀನು ಕುರ್ಚಿ ಹುಡುಕಿರುತ್ತೀಯ. ಕೂತುಕೋ. ಇಪ್ಪತ್ತನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಅಳುತ್ತಿರುವುದು ನಿನಗೆ ಗೊತ್ತಾಗಬಾರದೆಂದು ಬೈಯುತ್ತೇನೆ, ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ತಾಪತ್ರಯವಿಲ್ಲ.

ವಿಷಯ ಇಷ್ಟೇ. ಮೂರು ವರ್ಷದ ಹಿಂದೆ ನನ್ನ ಬೆನ್ನ ಮೇಲೆ, ಎಡ ಹೆಗಲ ಕೆಳಗಿದ್ದ ಮಚ್ಚೆ ಕಪ್ಪಾಗಿ ಅಂಚು ಕೆದರಿಕೊಂಡಿತು. ಕತ್ತರಿಸಿ ತೆಗೆದರು, ಮುಗಿಯಿತು ಅಂದುಕೊಂಡೆ. ಈಗ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು, ಶ್ವಾಸಕೋಶದಲ್ಲೂ ಲಿವರಿನಲ್ಲೂ ಚುಕ್ಕೆಗಳು. ಮೆಲನೋಮಾ, ಚರ್ಮದ ಕ್ಯಾನ್ಸರ್. ನನ್ನ ಗಂಡ ಮಹಾಶಯ ಮರ್ವ್ ಆ ಪದವನ್ನು ಬಾಯಲ್ಲಿ ಆಡುವುದಿಲ್ಲ, "ಅದು" ಅನ್ನುತ್ತಾನೆ. ಕಡಲರಕ್ಷಕರ ಕ್ಲಬ್ಬಿನ ಗಂಡಸರು ಅಲ್ಲಿನ ಮೊದಲ ಹೆಂಗಸರ ತಂಡವಾದ ನಮ್ಮ ದೋಣಿಯನ್ನೂ ಹಾಗೇ ಕರೆಯುತ್ತಿದ್ದರು, ನೆನಪಿದೆಯೇ?

ಹೊಸ ಔಷಧಿಯೊಂದನ್ನು ನರಕ್ಕೆ ಹನಿಹನಿಯಾಗಿ ಬಿಡುತ್ತಾರಂತೆ. ಕೈಗೆ ಕೊಟ್ಟ ಪುಸ್ತಿಕೆಯಲ್ಲಿ ಉರಿಯೂತ, ಜೀವಕೋಶ, ಸಂಕೇತ ಎಂದು ಏನೇನೋ ಬರೆದಿದೆ. ನೀನು ಜೀವಮಾನವಿಡೀ ಅದನ್ನೇ ಓದಿದವಳಲ್ಲವೇ, ನನಗೆ ನಿಮ್ಮಪ್ಪನ ಮೀನಂಗಡಿಯ ಭಾಷೆಯಲ್ಲಿ ಹೇಳು. ಔಷಧಿ ತೆಗೆದುಕೊಳ್ಳಲೋ ಬೇಡವೋ? ಇನ್ನೊಂದು, ಇದನ್ನು ಮಾಡಿದ್ದು ನಮ್ಮ ಆ ಬೇಸಿಗೆಗಳೇ?

ಬೇಸಿಗೆ ಬಾಗಿಲಿಗೆ ಬಂದ ಅಕ್ಟೋಬರಿನ ಮೊದಲ ಬಿಸಿ ಭಾನುವಾರ ಬೇಕೆಂದೇ ಸುಟ್ಟುಕೊಳ್ಳುತ್ತಿದ್ದೆವಲ್ಲ. ಒಂದು ಸಲ ಚೆನ್ನಾಗಿ ಸುಟ್ಟರೆ ಮೈ ಪಳಗುತ್ತದೆ, ಆಮೇಲೆ ಬೇಸಿಗೆ ಪೂರ್ತಿ ಭಯವಿಲ್ಲ ಎಂದು ನಮ್ಮಮ್ಮನೇ ಹೇಳುತ್ತಿದ್ದಳು. ನಾವು ಮೈಗೆ ಎಣ್ಣೆ ಬಳಿದುಕೊಂಡು ಮರಳಿನ ಮೇಲೆ ಮೀನಿನ ಹಾಗೆ ಬಿದ್ದಿರುತ್ತಿದ್ದೆವು. ನಿನ್ನ ಗ್ರೀಕ್ ಚರ್ಮ ಕಂದಾಗುತ್ತಿತ್ತು ಅಷ್ಟೇ, ನಾನು ಬೆಂದ ಏಡಿ. ವಾರ ಕಳೆದ ಮೇಲೆ ನೀನು ಕ್ಲಬ್ಬಿನ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ಬೆನ್ನಿನ ಸಿಪ್ಪೆ ಸುಲಿಯುತ್ತಿದ್ದೆ. ಅಷ್ಟು ಉದ್ದದ ಸಿಪ್ಪೆಯನ್ನು ಹರಿಯದೆ ಎಳೆಯಲು ಇಡೀ ತೀರದಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬಿಸಿಲಿಗೆ ಹಿಡಿದು, "ನೋಡೇ ರೇ, ಕಿಟಕಿ ಪರದೆ ಹೊಲಿಸ್ಬೋದು ಇದ್ರಲ್ಲಿ" ಅನ್ನುತ್ತಿದ್ದೆ.

ತೊಂಬತ್ತನಾಲ್ಕರ ಕ್ಲಬ್ ಊಟದಲ್ಲಿ ನೀನು ಎದ್ದು ನಿಂತು, ಮಕ್ಕಳಿಗೆ ತುಂಬುತೋಳಿನ ಅಂಗಿ ಹಾಕಿಸಿ, ತೀರದಲ್ಲಿ ನೆರಳಿಗೆ ಡೇರೆ ಹೊಡೆಯಿರಿ ಅಂದೆ. ನಾನು ಮೇಜು ಹತ್ತಿ ಛತ್ರಿ ಬಿಚ್ಚಿ ಕುಣಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ಕೊನೆಗೆ ಬಂದ ಕೆನೆಸಿಹಿ ಪಾವ್ಲೋವಾವನ್ನು ಮುಟ್ಟದೆ ಎದ್ದು ಹೋದೆ. ನಿನ್ನ ಪಾಲಿನದನ್ನೂ ನಾನೇ ತಿಂದೆ, ಚೆನ್ನಾಗಿತ್ತು.

ಬೇಗ ಬರೆ.
ರೇಲೀನ್

~

ಮೆಲ್ಬರ್ನ್
18 ಫೆಬ್ರವರಿ 2018

ರೇ,

ಕುರ್ಚಿ ಹುಡುಕಲಿಲ್ಲ, ಅಡುಗೆಮನೆಯ ನೆಲದ ಮೇಲೇ ಕೂತೆ. ಔಷಧಿ ತೆಗೆದುಕೋ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಇನ್ನು ಮೀನಂಗಡಿಯ ಭಾಷೆ. ಬಿಸಿಲಿಗೆ ಸುಟ್ಟ ಜೀವಕೋಶ ಸುಮ್ಮನೆ ಸಾಯುವುದಿಲ್ಲ, ಕೂಗಿಕೊಂಡು ಸಾಯುತ್ತದೆ. ಆ ಕೂಗು ಕೇಳಿ ರಕ್ತದಲ್ಲಿರುವ ಕಾವಲಿನವರು ಓಡಿ ಬರುತ್ತಾರೆ, ಬಂದವರು ಇನ್ನಷ್ಟು ಜನರನ್ನು ಕೂಗಿ ಕರೆಯುತ್ತಾರೆ. ನಿನ್ನ ಬೆನ್ನು ಕೆಂಪಾಗಿ, ಊದಿ, ಕೆಂಡದ ಹಾಗೆ ಬಿಸಿಯಾಗುತ್ತಿದ್ದುದು ಅದಕ್ಕೇ. ಅದೇ ಉರಿಯೂತ. ಕಸ ಬಳಿದು, ಗಾಯ ಮುಚ್ಚಿ, ಅವರು ಹೊರಟುಹೋಗಬೇಕು. ಆದರೆ ಬಿಸಿಲು ಕೆಲವು ಜೀವಕೋಶಗಳನ್ನು ಕೊಲ್ಲದೆ ಒಳಗೊಳಗೇ ಕೆಡಿಸಿ ಬಿಡುತ್ತದೆ. ಮತ್ತೆ ಮತ್ತೆ ಸುಟ್ಟರೆ ಗಲಾಟೆ ಮತ್ತೆ ಮತ್ತೆ ಏಳುತ್ತದೆ. ಗಾಯ ಮುಚ್ಚಲು ಬಂದವರು ತಂದದ್ದನ್ನೇ ಉಂಡು ಕೆಟ್ಟ ಜೀವಕೋಶ ಬೆಳೆಯುತ್ತದೆ. ಬೆಳೆದ ಮೇಲೆ, "ನಾನೂ ನಿಮ್ಮವನೇ, ಹೋಗಿ ಮಲಗಿ" ಎಂದು ಕಾವಲಿನವರನ್ನೇ ಸುಮ್ಮನಾಗಿಸುತ್ತದೆ. ನಿನಗೆ ಕೊಡುವ ಔಷಧಿ ಕ್ಯಾನ್ಸರನ್ನು ಮುಟ್ಟುವುದೇ ಇಲ್ಲ, ಮಲಗಿದವರನ್ನು ತಟ್ಟಿ ಎಬ್ಬಿಸುತ್ತದೆ.

ಆಗ ಒಂದು ತೊಂದರೆಯಿದೆ. ಎದ್ದವರು ಕೆಲವು ಸಲ ಗುರುತು ಹಿಡಿಯದೆ ಮನೆಯವರ ಮೇಲೇ ಬೀಳುತ್ತಾರೆ. ಚರ್ಮ, ಕೀಲು, ಕರುಳು, ಯಾವುದೂ ಆಗಬಹುದು. ಹೊಟ್ಟೆ ಕೆಟ್ಟರೆ, ರಕ್ತ ಕಂಡರೆ, ಅದೇ ದಿನ ಆಸ್ಪತ್ರೆಗೆ ಹೇಳಬೇಕು. ಮುಚ್ಚಿಡಬೇಡ.

ಯಾವ ಬೇಸಿಗೆ ಎಂದು ನನ್ನನ್ನು ಕೇಳಬೇಡ. ಯಾರಿಗೂ ಹೇಳಲಾಗದು. ನಾನಂತೂ ಅವುಗಳ ಮೇಲೆ ಕೋಪ ಮಾಡಿಕೊಳ್ಳಲಾರೆ. ಅಪ್ಪನ ಅಂಗಡಿಯಿಂದ ವಿನೆಗರ್ ಬಾಟಲಿ ಕದ್ದು ತಂದು ನಿನ್ನ ಬೆನ್ನಿಗೆ ಹಚ್ಚುತ್ತಿದ್ದೆ. ಹಚ್ಚಿದಾಗ ನೀನು ಕಿರುಚುತ್ತಿದ್ದೆ. ಅಂಗಡಿಯೊಳಗಿಂದ ಅಮ್ಮ, "ಆ ಹುಡುಗೀನ ಉಪ್ಪಿನಕಾಯಿ ಹಾಕ್ತಿದ್ದೀಯೇನೇ?" ಎಂದು ಕೂಗುತ್ತಿದ್ದಳು. ಇವತ್ತಿಗೂ ಬಿಸಿ ಚಿಪ್ಸಿನ ಮೇಲೆ ವಿನೆಗರ್ ಬಿದ್ದ ವಾಸನೆಗೆ ನನ್ನ ಕಣ್ಣು ತುಂಬುತ್ತದೆ. ಜನ ಖಾರ ಎಂದುಕೊಳ್ಳುತ್ತಾರೆ.

ದೋಣಿಯೂ ನೆನಪಾಗುತ್ತದೆ. ಕಡಲಿಗೆ ಇಳಿಯುವಾಗ ನಾವು ನಾಲ್ವರು ಅಲೆಗೆ ಬೆನ್ನು ಕೊಟ್ಟು ಕೂತು ಹುಟ್ಟು ಹಾಕುತ್ತಿದ್ದೆವು. ನೀನೊಬ್ಬಳೇ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತು ಮುಂದೇನು ಬರುತ್ತಿದೆಯೆಂದು ನೋಡುತ್ತಿದ್ದೆ. ನಮಗೆ ಕಾಣುತ್ತಿದ್ದುದು ನಿನ್ನ ಮುಖ ಮಾತ್ರ. ಎಷ್ಟೋ ಬೇಸಿಗೆ ಆ ಮುಖ ನೋಡಿಕೊಂಡೇ ಎಳೆದೆ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ನಿನ್ನ
ಡೆಸ್ಪಿನಾ

~

ವಾರಂಬಾ ಹೆಡ್
29 ಏಪ್ರಿಲ್ 2018

ಡೆಸ್ ಮಹಾರಾಣಿಗೆ,

ಮೂರು ಸಲ ಔಷಧಿ ಹೊಕ್ಕಿದೆ. ಕಂಕುಳ ಗಂಟು ಈಗ ಕಡಲೆಕಾಳು! ನಾನೇ ದಿನಾ ಒತ್ತಿ ನೋಡುತ್ತೇನೆ. ಮರ್ವ್‌ಗೂ ಒತ್ತಿ ನೋಡು ಅಂದೆ, ಅವನು ಕಿವಿಯವರೆಗೆ ಕೆಂಪಾದ. ನಿನ್ನ ಕಾವಲಿನವರು ಎದ್ದಿದ್ದಾರೆ ಕಣೇ, ಎದ್ದು ದೊಣ್ಣೆ ಹಿಡಿದಿದ್ದಾರೆ. ಮೈಯೆಲ್ಲ ನವೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತೇನೆ, ನಮ್ಮ ನಾಯಿ ನೋಡಿ ಕಲಿಯುತ್ತಿದೆ.

ನೀನು ಈಗ ನನ್ನನ್ನು ನೋಡಿದರೆ ಹೊಟ್ಟೆಕಿಚ್ಚು ಪಡುತ್ತೀಯ. ಹದಿನೆಂಟರಲ್ಲಿ ಹಾಕುತ್ತಿದ್ದ ಈಜುಡುಗೆ ಹಿಡಿಸುತ್ತದೆ. ಮರ್ವ್ ಮಾಡುವ ಕುರಿಮಾಂಸ ನಾಯಿಗೆ, ನನಗೆ ಒಣ ಬ್ರೆಡ್ಡು, ಕರಿ ಚಹಾ. ರಾಣಿಯರ ಊಟವಂತೆ ಅದು. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಪಾಯಿಖಾನೆಯಲ್ಲೇ ಓದುವುದು, ಅಲ್ಲಿ ಕಪಾಟು ಹಾಕಿಸಿ ಗ್ರಂಥಾಲಯ ಮಾಡಿಬಿಡೋಣ ಅಂತಿದ್ದೇನೆ. ಸದಸ್ಯಳು ನಾನೊಬ್ಬಳೇ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದಳು, ಲಿನೆಟ್ ಅಂತ. ಹೊಟ್ಟೆ ಸ್ವಲ್ಪ ಕೆಟ್ಟಿದೆ ಎಂದು ಬಾಯಿ ಬಿಟ್ಟಳು, ಅವತ್ತೇ ಅವಳ ಔಷಧಿ ನಿಲ್ಲಿಸಿದರು. "ಒಂದು ಮಾತು ಸುಮ್ನಿದ್ದಿದ್ರೆ ಆಗ್ತಿತ್ತು ನೋಡಿ" ಎಂದು ಅತ್ತಳು. ನರ್ಸ್ ನನ್ನನ್ನೂ ಕೇಳುತ್ತಾಳೆ, "ಹೊಟ್ಟೆ ಹೇಗಿದೆ, ರೇಲೀನ್?" "ನಿನ್ನ ಹೊಟ್ಟೆಗಿಂತ ಚೆನ್ನಾಗಿದೆ ಬಿಡಮ್ಮ" ಅಂತೀನಿ. ನಗುತ್ತಾಳೆ. ನಾಲ್ಕನೆಯದು ಮುಂದಿನ ವಾರ.

ಎಂಬತ್ತೆರಡರ ಪಂದ್ಯ ನೆನಪಿದೆಯೇ? ಮರಳದಿಬ್ಬದ ಆಚೆಗೆ ಗೋಡೆಯಂಥ ಅಲೆ ಎದ್ದು ನಿಂತಿತ್ತು. ನಿಮ್ಮ ಬೆನ್ನ ಹಿಂದೆ. ನಾನು ಏನಂದೆ ಹೇಳು? "ಹುಡುಗೀರಾ, ಚಹಾ ಆರ್ತಿದೆ, ಎಳೀರೇ!" ಪೆದ್ದಿಯರು, ಎಳೆದಿರಿ. ದಾಟಿದೆವು.

ಮುತ್ತುಗಳು, ನವೆಗಳು,
ರೇ

~

ಮೆಲ್ಬರ್ನ್
2 ಮೇ 2018

ರೇ,

ಇದನ್ನು ಕ್ಲಬ್ಬಿನ ಕಚೇರಿಗೆ ಮಿಂಚಂಚೆಯಲ್ಲಿ ಕಳಿಸಿದ್ದೇನೆ. ಈಗಿನ ಕ್ಯಾಪ್ಟನ್ ಟ್ಯಾಮ್ಸಿನ್ ಅಚ್ಚು ಹಾಕಿಸಿ ನಿನ್ನ ಕೈಗೆ ಕೊಡುತ್ತಾಳೆ. ನೀನು ಓದಿ ಕಾರು ಹತ್ತುವವರೆಗೆ ಬಾಗಿಲಲ್ಲೇ ನಿಲ್ಲುತ್ತಾಳೆ. ಬೆಳಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುವುದಿಲ್ಲ. ಮರ್ವ್, "ಚೆನ್ನಾಗಿದ್ದಾಳೆ, ಸ್ವಲ್ಪ ಮಲಗಿದ್ದಾಳೆ" ಅನ್ನುತ್ತಾನೆ. ನೀನು ಹೇಳಿಕೊಟ್ಟದ್ದನ್ನು ಹೇಳುತ್ತಾನೆ ಪಾಪ.

ನಿನ್ನ ಪತ್ರದ ತುಂಬ ತಮಾಷೆ. ಮೊದಲ ಸಲ ಓದಿದಾಗ ನಕ್ಕೆ. ಎರಡನೆಯ ಸಲ ಎಂಬತ್ತೆರಡರ ಅಲೆಯ ಮಾತಿಗೆ ಬಂದಾಗ ಫೋನ್ ಎತ್ತಿಕೊಂಡೆ. ಸಣ್ಣ ಅಲೆ ಬಂದರೆ ನೀನು ಬೈಯುತ್ತಿದ್ದೆ. ನಡುವಿನದು ಬಂದರೆ ಹಲ್ಲು ಕಚ್ಚುತ್ತಿದ್ದೆ. ತಮಾಷೆ ಮಾಡುತ್ತಿದ್ದುದು ನಮ್ಮನ್ನು ಕೊಲ್ಲಬಲ್ಲ ಅಲೆ ಬಂದಾಗ ಮಾತ್ರ. ನಿನ್ನ ಮುಖ ನೋಡಿಕೊಂಡು ಕೂತವಳು ನಾನು, ನನಗೆ ಗೊತ್ತಿಲ್ಲವೇ?

ಒಣ ಬ್ರೆಡ್ಡು, ಹದಿನೆಂಟರ ಈಜುಡುಗೆ, ಪಾಯಿಖಾನೆಯ ಗ್ರಂಥಾಲಯ. ಕೆಟ್ಟಿರುವುದು ಲಿನೆಟ್ಟಳ ಹೊಟ್ಟೆಯೊಂದೇ ಅಲ್ಲ. ಕಾವಲಿನವರು ನಿನ್ನ ಕರುಳಿನ ಮೇಲೆ ಬಿದ್ದಿದ್ದಾರೆ. ಹೀಗೇ ಬಿಟ್ಟರೆ ಕರುಳು ತೂತಾಗುತ್ತದೆ. ಆಮೇಲೆ ಗಂಟು ಕಡಲೆಕಾಳಾಗಿದ್ದರೂ ಒಂದೇ, ನಿಂಬೆಹಣ್ಣಾಗಿದ್ದರೂ ಒಂದೇ. ನಾಲ್ಕನೆಯ ಔಷಧಿ ಈಗ ನಿನಗೆ ವಿಷ.

ಅದನ್ನು ನಿಲ್ಲಿಸುತ್ತಾರೆ, ಹೌದು. ನಿನಗಿರುವ ಹೆದರಿಕೆ ಅದೇ ಎಂದು ನನಗೆ ಗೊತ್ತು. ಹೀಗೆ ನಡುವೆ ನಿಲ್ಲಿಸಿದ ಎಷ್ಟೋ ಜನರಲ್ಲಿ ಎದ್ದ ಕಾವಲಿನವರು ಮತ್ತೆ ಮಲಗಿಲ್ಲ, ಕೆಲಸ ಮುಂದುವರಿಸಿದ್ದಾರೆ. ನಿನ್ನಲ್ಲೂ ಹಾಗೇ ಆಗುತ್ತದೆ ಎಂದು ಆಣೆ ಇಡಲಾರೆ. ಸುಳ್ಳು ಹೇಳಿದರೆ ನಿನಗೆ ಗೊತ್ತಾಗುತ್ತದೆ.

ಈ ಸಲ ನೀನು ನನ್ನ ಜಾಗದಲ್ಲಿ ಕೂತಿದ್ದೀಯ. ಬರುತ್ತಿರುವುದು ನಿನಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಕಾರು ಹತ್ತು. ಚಹಾ ಆರುತ್ತಿದೆ ಕಣೇ, ಎಳೆ.

ಡೆಸ್

~

ವಾರಂಬಾ ಹೆಡ್
13 ಮೇ 2018

ಡೆಸ್ಪಿನಾ,

ನನಗೆ ಪತ್ರ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಅವಳು ಬಾಗಿಲಲ್ಲೇ ನಿಂತು ಓದಿದಳು. "ಹಾಳಾದವಳು, ಕಂಡುಹಿಡಿದ್ಬಿಟ್ಲು" ಅಂದಳು. ಆಮೇಲೆ ಗೋಡೆ ಹಿಡಿದುಕೊಂಡು, "ಮರ್ವ್, ಕಾರಿನ ಕೀ ಎಲ್ಲಿಟ್ಟೆ?" ಅಂದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಕೈಯಲ್ಲಿ ಕಾರು ಓಡಿಸಲು ಬಿಟ್ಟದ್ದು ಅವತ್ತೇ.

ಇನ್ನೆರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಹುಡುಗಿ ಹೇಳಿದಳು. ಸ್ಟೀರಾಯ್ಡ್ ಹನಿ ಹಾಕಿದರು. ಕರುಳಿನ ಉರಿಯೂತ ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಇನ್ನೊಂದು ಔಷಧಿ ಕೊಟ್ಟರು. ಉರಿಯೂತದವರು ಒಬ್ಬರನ್ನೊಬ್ಬರು ಕೂಗಿ ಕರೆಯುವ ಕೂಗುಗಳಲ್ಲಿ ಒಂದನ್ನು ಅದು ಹಿಡಿದು ಅಡಗಿಸುತ್ತದಂತೆ. ಕೂಗಿನ ಹೆಸರು ಕೇಳಿದ ಕೂಡಲೇ ರೇಲೀನ್ ಕಣ್ಣು ಬಿಟ್ಟು, "ಅದು ನಮ್ಮ ಡೆಸ್‌ದು" ಅಂದಳು. ನೀನು ಹತ್ತು ವರ್ಷ ಅದರ ಮೇಲೇ ಕೆಲಸ ಮಾಡಿದೆಯಂತಲ್ಲ, ನಿನ್ನಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಡಾಕ್ಟರ್ ಹುಡುಗಿಗೆ ನಿನ್ನ ಪೂರ್ತಿ ಹೆಸರು ಹೇಳಿದೆ. ಅವಳು ಕೇಳಿಯೇ ಇಲ್ಲವಂತೆ. ಬೇಜಾರು ಮಾಡಿಕೊಳ್ಳಬೇಡ.

ಈಗ ರಕ್ತ ನಿಂತಿದೆ. ಗಂಜಿಯಂಥದ್ದು ತಿನ್ನುತ್ತಾಳೆ. ಆದರೆ ಕ್ಯಾನ್ಸರಿನ ಔಷಧಿ ಇನ್ನು ಕೊಡುವುದಿಲ್ಲ ಎಂದು ಹೇಳಿದ ದಿನದಿಂದ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನಿನ್ನ ಮೇಲೆ ಕೋಪ. ನೀನು ಬಂದು ನೋಡುತ್ತೇನೆ ಅಂದದ್ದನ್ನು ಹೇಳಿದೆ, ಬೇಡ ಅಂದಳು. ನಿನ್ನ ಆ ಪತ್ರ ಮಾತ್ರ ದಿಂಬಿನ ಕೆಳಗಿದೆ.

ನಾನು ಫೋನಿನಲ್ಲಿ ಸುಳ್ಳು ಹೇಳಬಾರದಿತ್ತು.

ಮರ್ವ್

~

ಮೆಲ್ಬರ್ನ್
24 ಜೂನ್ 2018

ರೇ,

ಉತ್ತರ ಬೇಡ. ಗೋಡೆ ನೋಡಿಕೊಂಡೇ ಓದು.

ಔಷಧಿ ನಿಂತದ್ದರಿಂದ ಆ ಚುಕ್ಕೆಗಳು ಮತ್ತೆ ಬೆಳೆದರೆ, ನಿಲ್ಲಿಸಿದವಳು ನಾನೇ ಎಂದು ನೀನು ಅಂದುಕೊಳ್ಳುತ್ತೀಯ. ನಾನೂ ಹಾಗೇ ಅಂದುಕೊಳ್ಳುತ್ತೇನೆ. ಲ್ಯಾಬಿನಲ್ಲಿ ಇಲಿಗಳ ಮುಂದೆ ನಿಂತಾಗಲೂ ಅದೇ ಯೋಚನೆ. ಆದರೂ ಇನ್ನೊಂದು ಸಲ ಆ ಪತ್ರ ಬರೆಯಬೇಕಾಗಿ ಬಂದರೆ ಬರೆಯುತ್ತೇನೆ. ಇನ್ನೂ ಬೇಗ ಬರೆಯುತ್ತೇನೆ.

ಇಲ್ಲಿ ಚಳಿ. ನೆನ್ನೆ ಹಳೆಯ ಪೆಟ್ಟಿಗೆಯಲ್ಲಿ ನಮ್ಮ ದೋಣಿಯ ಫೋಟೋ ಸಿಕ್ಕಿತು. ನಾಲ್ವರೂ ಬಾಯಿ ತೆರೆದು ಹುಟ್ಟು ಎಳೆಯುತ್ತಿದ್ದೇವೆ, ನೀನು ನಿಂತಿದ್ದೀಯ, ಮೂಗಿನ ಮೇಲೆ ಬಿಳಿ ಲೇಪ. ಮೂಗು ಮಾತ್ರ ಕಾಪಾಡಿಕೊಂಡೆವು ನೋಡು, ಉಳಿದ ಮೈಯೆಲ್ಲ ಬಿಸಿಲಿಗೆ ಬಿಟ್ಟು! ನಗು ಬಂತು. ನಮ್ಮಷ್ಟು ಸುಖವಾಗಿದ್ದ ಹುಡುಗಿಯರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಫೋಟೋ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹತ್ತಿರವೇ ಇರಲಿ.

ನಿನ್ನ
ಡೆಸ್

~

ವಾರಂಬಾ ಹೆಡ್
14 ಅಕ್ಟೋಬರ್ 2018

ಡೆಸ್,

ಇವತ್ತು ಮೊದಲ ಬಿಸಿ ಭಾನುವಾರ. ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ದಿನ ನಿನ್ನನ್ನು ಬೈದುಕೊಂಡೇ ಇದ್ದೆ. ಬೆಳಗ್ಗೆ ಎದ್ದು ಒಂದಷ್ಟು, ಮಲಗುವಾಗ ಒಂದಷ್ಟು. ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿ ಬನ್ನಿನಂತಾಗಿತ್ತು, ಅದಕ್ಕೂ ನಿನ್ನನ್ನೇ ಬೈದೆ. ಜುಲೈಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಹೋಗುವ ಮೊದಲು ಬಟ್ಟೆಬರೆಯೆಲ್ಲ ವಿಂಗಡಿಸಿ, ಯಾವುದು ಯಾರಿಗೆ ಎಂದು ಮರ್ವ್‌ಗೆ ಹೇಳಿದ್ದೆ. ಡಾಕ್ಟರ್ ಹುಡುಗಿ ಪರದೆ ನನ್ನ ಕಡೆ ತಿರುಗಿಸಿದಳು. ಲಿವರಿನಲ್ಲಿ ಏನೂ ಇಲ್ಲ. ಶ್ವಾಸಕೋಶದಲ್ಲಿ ಎರಡು, ಸಣ್ಣವು. ಒಂದು ಸಲದ್ದನ್ನು ನಂಬಬಾರದು ಎಂದು ನಿನಗೂ ತಿಳಿಸಲಿಲ್ಲ. ಮೊನ್ನೆ ಮತ್ತೆ ಮಾಡಿದರು. ಅವೆರಡೂ ಅಷ್ಟೇ ಇವೆ, ಬೆಳೆದಿಲ್ಲ. ಔಷಧಿ ನಿಂತು ಐದು ತಿಂಗಳಾಯಿತು, ಎದ್ದವರು ಮಲಗಿಲ್ಲ ಡೆಸ್.

ಲಿನೆಟ್ ಆಗಸ್ಟಿನಲ್ಲಿ ತೀರಿಕೊಂಡಳು. ಅವಳ ಔಷಧಿಯೂ ನಿಂತಿತ್ತು, ನನ್ನದೂ ನಿಂತಿತ್ತು. ಯಾಕೆ ಎಂದು ಕೇಳಿದೆ. ಗೊತ್ತಿಲ್ಲ ಎಂದು ಡಾಕ್ಟರ್ ಹುಡುಗಿ ನೇರವಾಗಿ ಹೇಳಿದಳು. ನೀನೂ ಅದನ್ನೇ ಹೇಳುತ್ತಿದ್ದೆ. ಅವಳ ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದೆ.

ಈಗ ಬೆನ್ನಿನ ವಿಷಯ. ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ ಎದ್ದಿದೆ. ಬಣ್ಣ ಕೊಡುವ ಜೀವಕೋಶಗಳನ್ನೂ ನಿನ್ನವರು ಬಿಡಲಿಲ್ಲ, ಇದು ಒಳ್ಳೆಯ ಗುರುತಂತೆ. ಮರ್ವ್ ಫೋಟೋ ತೆಗೆದು ತೋರಿಸಿದ. ಐವತ್ತು ವರ್ಷ ಕಷ್ಟಪಟ್ಟು ಸುಟ್ಟುಕೊಂಡ ಬಣ್ಣವೆಲ್ಲ ಹೋಗಿ ಹಾಲಿನಂತೆ ಬಿಳಿ. ಸುಲಿಯಲು ಏನೂ ಉಳಿದಿಲ್ಲ ನಿನಗೆ. ಈ ಚರ್ಮಕ್ಕೆ ಬಿಸಿಲು ತಾಗಲೇಬಾರದು ಅಂದರು. ಹಾಗಾಗಿ ತುಂಬುತೋಳಿನ ಅಂಗಿ ಹಾಕಿಕೊಂಡು, ಪೇಟೆಗೆ ಹೋಗಿ ಒಂದು ಛತ್ರಿ ಕೊಂಡೆ. ಹಳದಿಯದು, ಎರಡು ಆಳು ನಿಲ್ಲುವಷ್ಟು ದೊಡ್ಡದು.

ಇವತ್ತು ಕ್ಲಬ್ಬಿನ ಬೇಸಿಗೆ ಋತುವಿನ ಮೊದಲ ದಿನ, ತೀರಕ್ಕೆ ಹೋಗಿದ್ದೆ. ಮಕ್ಕಳೆಲ್ಲ ತುಂಬುತೋಳಿನ ಅಂಗಿಯಲ್ಲೇ ಓಡುತ್ತಿದ್ದವು. ನೆರಳಿಗೆ ಡೇರೆ ಹೊಡೆಯಲು ಶುರುಮಾಡಿ ಎಷ್ಟೋ ವರ್ಷವಾಯಿತು, ನಿನಗೆ ಹೇಳಿಯೇ ಇರಲಿಲ್ಲ. ನಾನು ಛತ್ರಿ ಬಿಚ್ಚಿದೆ. ಹಳೇ ಗಂಡಸರೆಲ್ಲ ಎದ್ದು ನಿಂತು, "ಓಹೋಹೋ, ಯಾರಪ್ಪಾ ಇದು ಛತ್ರಿ ಕ್ಯಾಪ್ಟನ್ನು!" ಎಂದು ಚಪ್ಪಾಳೆ ತಟ್ಟಿದರು. ನನಗೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಅವತ್ತು ನಿನಗೆ ಹೇಗಾಗಿತ್ತು ಎಂದು ಇವತ್ತು ತಿಳಿಯಿತು. ಕೂತೇ ಇದ್ದೆ. ಊಟಕ್ಕೆ ಪಾವ್ಲೋವಾ ಇತ್ತು. ಒಂದು ತುಂಡು ನಿನಗೆ ಎತ್ತಿಟ್ಟಿದ್ದೆ. ಮರ್ವ್ ತಿಂದುಬಿಟ್ಟ. ಬಾ, ನಾನೇ ಹೊಸದು ಮಾಡುತ್ತೇನೆ.

ಮುಂದಿನ ಸ್ಕ್ಯಾನ್ ಜನವರಿಯಲ್ಲಿ. ಈ ಸಲ ತಮಾಷೆ ಮಾಡುವುದಿಲ್ಲ, ಇರುವುದನ್ನು ಹೇಳುತ್ತೇನೆ. ನನಗೆ ಹೆದರಿಕೆಯಾಗುತ್ತದೆ. ಪ್ರತಿ ಸಲವೂ ಆಗುತ್ತದೆ. ನೀನು ಅವತ್ತು ನನ್ನ ಜೊತೆ ಬರಬೇಕು. ಡಾಕ್ಟರ್ ಹುಡುಗಿಯ ಮೇಜಿನ ಹತ್ತಿರ ಕುರ್ಚಿಗಳನ್ನು ಎದುರುಬದುರು ಹಾಕಿಸುತ್ತೇನೆ. ಪರದೆಗೆ ಬೆನ್ನು ಕೊಟ್ಟು ನಾನು ಕೂರುತ್ತೇನೆ, ನೀನು ಅದನ್ನು ನೋಡು. ನಾನು ನಿನ್ನ ಮುಖ ನೋಡಿಕೊಂಡಿರುತ್ತೇನೆ. ನಿನಗಂತೂ ತಮಾಷೆ ಮಾಡಲು ಬರುವುದಿಲ್ಲ.

ನಿನ್ನ
ರೇ